ಟವೆಲಿನಡಿ ಕೊಟ್ಟ ಕೈ

ತಿಲವಾಡಾದ ಕುದುರೆ ಸಂತೆಯಲ್ಲಿ ಬೆಲೆಯನ್ನು ಬಾಯಲ್ಲಿ ಆಡುವವನು ಹೊಸಬ. ತಿಳಿದವರು ಟವೆಲಿನಡಿ ಕೈ ಸೇರಿಸಿ, ಬೆರಳು ಹಿಡಿದು ಹೇಳುತ್ತಾರೆ. ಮಾರುವ ಮನಸ್ಸಿಲ್ಲದಿದ್ದರೂ ಕೈ ಕೊಡಬೇಕು, ಇಲ್ಲವಾದರೆ ಕೇಳಲು ಬಂದವರಿಗೆ ಅವಮಾನ. ಬೆಲೆ ತಿಳಿಸಿ, ಒಪ್ಪಿಗೆಯೇ ಎಂದು ಅವರು ಮುಷ್ಟಿ ಅದುಮಿದಾಗ ಕೈ ಎಳೆದುಕೊಂಡರಾಯಿತು. ಎಳೆದುಕೊಳ್ಳದಿದ್ದರೆ ಕುದುರೆ ಅವರದು.

ಸೇನೆಯಲ್ಲಿ ದಫೇದಾರರಾಗಿದ್ದ ಸವಾಯಿಸಿಂಗ್ ಎಪ್ಪತ್ತೊಂದರ ಯುದ್ಧದಿಂದ ಒಂದು ಪದಕವನ್ನೂ ಮುಟ್ಟಿದ್ದು ತಿಳಿಯದಂತೆ ಮರಗಟ್ಟಿದ ಬಲಗೈಯನ್ನೂ ತಂದಿದ್ದರು. ಪದಕವನ್ನು ಊರಿಗೆಲ್ಲ ತೋರಿಸಿದರು, ಕೈಯ ಸುದ್ದಿ ಯಾರಿಗೂ ಹೇಳಲಿಲ್ಲ. ವ್ಯಾಪಾರಿಯ ಕುಂದು ಗೊತ್ತಾದರೆ ಗಿರಾಕಿ ಅಲ್ಲಿಂದಲೇ ಚೌಕಾಸಿ ಶುರುಮಾಡುತ್ತಾನೆ. ಎಡಗೈಯಲ್ಲೇ ಕಲ್ಲುಚಪ್ಪಡಿ ಮಾರಿದರು, ಕುದುರೆ ಮಾರಿದರು, ಮನೆ ಕಟ್ಟಿಸಿದರು. ಕೇಸರ್ ಎಂಬ ಹೆಣ್ಣುಕುದುರೆಯೊಂದನ್ನು ಮಾತ್ರ ಮಾರುವುದಕ್ಕಲ್ಲ, ನಾಲ್ಕು ಜನ ನೋಡಿ ಹೊಟ್ಟೆ ಉರಿದುಕೊಳ್ಳಲಿ ಎಂದು ಸಂತೆಗೆ ತರುತ್ತಿದ್ದರು.

ಕಾಠಿಯಾವಾಡದ ವಾಜಸುರ್ ಬಾಪು ಟವೆಲ್ ಹಿಡಿದು ಬಂದಾಗ ಕೇಸರ್ ಜಗ್ಗಾಡುತ್ತಿತ್ತು. ಎಡಗೈಯಲ್ಲಿ ಲಗಾಮಿತ್ತು. ದಫೇದಾರರು ಬಲಗೈ ಕೊಟ್ಟರು.

“ಮುಗೀತಲ್ಲ, ದಫೇದಾರ್ ಸಾ!” ಬಾಪು ಟವೆಲ್ ಕೊಡವಿದರು.

“ಏನು ಮುಗೀತು?”

“ಮುಷ್ಟಿ ಅದುಮಿ ಎಷ್ಟು ಹೊತ್ತಾಯ್ತು, ನೀವು ಕದಲಲೇ ಇಲ್ಲ. ಇಷ್ಟು ಸಲೀಸಾಗಿ ಒಪ್ತೀರಿ ಅಂತ ಗೊತ್ತಿದ್ರೆ ಇನ್ನೂ ಕಮ್ಮಿ ಕೇಳ್ತಿದ್ದೆ!”

ಸುತ್ತ ನಿಂತವರು ನಕ್ಕರು. ಕೈ ಸತ್ತಿದೆ ಎಂದಿದ್ದರೆ ಕೇಸರ್ ಉಳಿಯುತ್ತಿತ್ತು. ಆದರೆ ಮುಷ್ಟಿ ಸೇರಿದ ಮೇಲೆ ನೆಪ ಹೇಳುವವರನ್ನು ಕಂಡರೆ ಮೊದಲು ನಗುತ್ತಿದ್ದವರೇ ದಫೇದಾರರು.

“ಕೊಟ್ಟೆ, ಕರ್ಕೊಂಡು ಹೋಗಿ,” ಎಂದು ಲಗಾಮು ದಾಟಿಸಿದರು.

ಈಗ ಸಂಕಟವಾಗುತ್ತದೆ ಎಂದು ಸ್ವಲ್ಪ ಹೊತ್ತು ಕಾದರು. ಏನೂ ಆಗಲಿಲ್ಲ. ಚಹಾ ತರಿಸಿ, ಮೊದಲ ಲೋಟವನ್ನು ಬಾಪುವಿಗೆ ಕೊಟ್ಟರು.