ಬೊಂಬೆಗಳ ಕೆಳಗೆ ತೈಮೀರ್

ತೈಮೀರ್ ಪರ್ಯಾಯದ್ವೀಪವನ್ನು ನಾನು ಮೊದಲು ನೋಡಿದ್ದು ಶಾಲೆಯ ಅಟ್ಲಾಸ್‌ನಲ್ಲಿ, ಸೈಬೀರಿಯಾದ ನೆತ್ತಿಯ ಮೇಲೆ. ಏಷ್ಯಾದ ನೆಲ ಉತ್ತರಕ್ಕೆ ಎಷ್ಟು ಹೋಗಬಹುದೋ ಅಷ್ಟೂ ಹೋಗಿ ಅಲ್ಲಿ ಮುಗಿಯುತ್ತದೆ. ಅದೇ ಪುಟದ ಕೆಳಗೆ ಮಲೇಷ್ಯಾ, ಅದರಾಚೆ ಚುಕ್ಕೆಯಷ್ಟು ಸಿಂಗಪುರ. ಅಲ್ಲಿನ ಚೋವಾ ಚು ಕಾಂಗ್ ಬಡಾವಣೆಯಲ್ಲಿ ನಮ್ಮ ಒಂಬತ್ತನೆಯ ಮಹಡಿಯ ಫ್ಲಾಟಿನಲ್ಲಿ ಕೂತು, ಖಂಡದ ಒಂದು ತುದಿಯ ಪಕ್ಕ ನಾನಿದ್ದೇನೆ, ಆ ಇನ್ನೊಂದು ತುದಿ ಹೇಗಿರಬಹುದು ಎಂದು ಯೋಚಿಸಲು ಶುರುಮಾಡಿದವಳನ್ನು ಆ ಯೋಚನೆ ಬಿಡಲೇ ಇಲ್ಲ. ಲೈಬ್ರರಿಯಲ್ಲಿ ಸಿಕ್ಕಿದ್ದನ್ನೆಲ್ಲ ತಾರೀಖು ಹಾಕಿ ಡೈರಿಗೆ ಇಳಿಸಿಕೊಂಡೆ. ಉತ್ತರಕ್ಕೆ ಬಿರ್ರಂಗಾ ಬೆಟ್ಟಸಾಲು, ಅದರ ದಕ್ಷಿಣಕ್ಕೆ ವರ್ಷದ ಬಹುಪಾಲು ಹೆಪ್ಪುಗಟ್ಟಿರುವ ತೈಮೀರ್ ಸರೋವರ, ಮರವೇ ಇಲ್ಲದ ತುಂಡ್ರಾ, ಹಿಮಸಾರಂಗದ ಹಿಂಡುಗಳು.

ಅದು 1996. ನನ್ನ ಸೆಕೆಂಡರಿ ಎರಡನೆಯ ವರ್ಷ ಮುಗಿಯುತ್ತಿತ್ತು. ಮುಂದಿನ ವರ್ಷಕ್ಕೆ ಬಯಾಲಜಿ, ಜಾಗ್ರಫಿಗಳಲ್ಲಿ ಒಂದನ್ನು ಆರಿಸಬೇಕಿತ್ತು. ಬ್ಯೂನಾ ವಿಸ್ಟಾದ ಆಫೀಸೊಂದರಲ್ಲಿ ಕಟ್ಟಡಗಳ ಅಡಿಪಾಯದ ಲೆಕ್ಕ ಹಾಕುವ ಎಂಜಿನಿಯರ್ ಆಗಿದ್ದ ಅಪ್ಪನಿಗೆ ಅನುಮಾನವೇ ಇರಲಿಲ್ಲ.

“ಜಾಗ್ರಫಿ ಅಂದ್ರೆ ಮಗ್ ಹೊಡೆಯೋದು ಅಷ್ಟೆ. ನದಿ, ಬೆಟ್ಟ, ಕ್ಯಾಪಿಟಲ್ಲು. ಅದನ್ನ ಓದಿ ಏನ್ ಮಾಡ್ತೀಯ?”

“ಇಲ್ಲಪ್ಪ, ಅದು ಯಾಕೆ ಅಂತ ಕೇಳೋ ಸಬ್ಜೆಕ್ಟು ಲಾ!” ಸಿಂಗಪುರದವರು ಮಾತಿನ ಕೊನೆಗೆ ಹಚ್ಚುವ ‘ಲಾ’ ನನ್ನ ಬಾಯಿಗೂ ಅಂಟಿತ್ತು.

“ಲಾ ಗೀ ಎಲ್ಲ ಸ್ಕೂಲಲ್ಲಿಟ್ಕೊ. ಸರಿ, ಒಂದು ಕೆಲಸ ಮಾಡು. ದಸರಾಗೆ ಅಮ್ಮ ಬೊಂಬೆ ಕೂರಿಸ್ತಾಳಲ್ಲ, ಕೆಳಗಡೆ ನಿನ್ನ ತೈಮೀರ್ ಮಾಡು. ಬೋರ್ಡ್ ಹಾಕೋ ಹಾಗಿಲ್ಲ, ಭಾಷಣ ಬಿಗಿಯೋ ಹಾಗಿಲ್ಲ. ಬಂದೋರಲ್ಲಿ ಒಬ್ಬರಾದ್ರೂ ಇಲ್ಲಿ ಯಾಕೆ ಹೀಗೆ ಅಂತ ಕೇಳಿದ್ರೆ ಜಾಗ್ರಫಿ ತಗೋ. ಇಲ್ಲಾಂದ್ರೆ ಬಯಾಲಜಿ.”

ಮೈಸೂರು ಕಡೆಯ ಮನೆಗಳಲ್ಲಿ ಮೆಟ್ಟಿಲಿನ ಮೇಲೆ ಪಟ್ಟದ ಬೊಂಬೆ, ಕೆಳಗೆ ನೆಲದ ಮೇಲೆ ಒಂದು ಪಾರ್ಕು. ಪಾರ್ಕಿನ ಹಸಿರಿಗೆ ಅಮಾವಾಸ್ಯೆಯ ದಿನ ತಟ್ಟೆಯಲ್ಲಿ ರಾಗಿ ಬಿತ್ತುವುದು ನಮ್ಮ ಮನೆಯ ರೂಢಿ. ನಾನೂ ದೊಡ್ಡದೊಂದು ಟ್ರೇಯಲ್ಲಿ ಮಣ್ಣು ಹರಡಿ ತುಂಡ್ರಾಕ್ಕೆ ರಾಗಿಯನ್ನೇ ಬಿತ್ತಿದೆ. ಮೈಸೂರಿನಲ್ಲಿ ಹಬ್ಬ ಮುಗಿಯುವ ಹೊತ್ತಿಗೆ ಬೆರಳುದ್ದ ಬರುತ್ತಿತ್ತು ಎಂದು ಅಮ್ಮ ಹೇಳಿದ್ದರು. ಶುರುವಿನಲ್ಲಿ ನೆಲಕ್ಕಂಟಿದ ಪಾಚಿಯಂತೆ ಕಂಡರೆ ನನಗೆ ಅಷ್ಟೇ ಸಾಕಿತ್ತು. ದಿನಪತ್ರಿಕೆ ಮುದುರಿ ಮೈದಾ ಅಂಟಿನಲ್ಲಿ ಬೆಟ್ಟ ಮಾಡಿದೆ, ಕನ್ನಡಿಯ ಮೇಲೆ ಪುಡಿಯುಪ್ಪು ಉದುರಿಸಿ ಸರೋವರ ಮಾಡಿದೆ. ಹಿಮಸಾರಂಗ ಎಲ್ಲಿಂದ ತರುವುದು? ಅಮ್ಮನ ಪೆಟ್ಟಿಗೆಯಲ್ಲಿದ್ದ ಚನ್ನಪಟ್ಟಣದ ಚುಕ್ಕೆ ಜಿಂಕೆಗಳನ್ನೇ ಸಾಲಾಗಿ ನಿಲ್ಲಿಸಿದೆ.

ಸಿಂಗಪುರದ ಸೆಕೆಯನ್ನು ನಾನಾಗಲಿ ಅಮ್ಮನಾಗಲಿ ಲೆಕ್ಕಕ್ಕೆ ತೆಗೆದುಕೊಂಡಿರಲಿಲ್ಲ. ಮೂರನೆಯ ಸಂಜೆಗೆ ರಾಗಿ ಜಿಂಕೆಯ ಹೊಟ್ಟೆ ಮುಟ್ಟಿತು. ಐದನೆಯ ಸಂಜೆಗೆ ಜಿಂಕೆಗಳ ಕಿವಿ ಮಾತ್ರ ಕಾಣುತ್ತಿತ್ತು. ಪಕ್ಕದ ಬಡಾವಣೆ ಬುಕಿತ್ ಪಂಜಾಂಗ್‌ನಿಂದ ಬಂದ ಅಂಕಲ್ ಬಾಗಿಲಲ್ಲೇ ನಿಂತು ಕೈ ಮುಗಿದರು.

“ಆಹಾ! ನಮ್ಮ ಮಂಡ್ಯಾನ ಇಲ್ಲಿಗೇ ತಂದ್‌ಬಿಟ್ಟಿದೀಯಲ್ಲಮ್ಮಾ! ಭತ್ತದ ಗದ್ದೆ, ಹಿಂದೆ ಕೆಆರ್‌ಎಸ್ಸು. ನಾಲೆ ಒಂದು ಬಿಟ್ಟಿದೀಯ ನೋಡು.”

ಅವರ ಹೆಂಡತಿ ಬಿಡಲಿಲ್ಲ. “ನಿಮಗೆ ಎಲ್ಲಿ ನೋಡಿದ್ರೂ ಮಂಡ್ಯಾನೇ. ಜಿಂಕೆ ಕಾಣಲ್ವೇನ್ರೀ? ಇದು ಬಂಡೀಪುರ.”

ಬಂದವರು ಏನೆಂದರು ಎಂದು ಪ್ರತಿ ಸಂಜೆ ಡೈರಿಯಲ್ಲಿ ಗೀಟು ಹಾಕುತ್ತಿದ್ದೆ. ಮಂಡ್ಯದ ಸಾಲು ಉದ್ದವಾಯಿತು, ಬಂಡೀಪುರ ಹಿಂದೆಯೇ ಬಂತು, ಊಟಿಗೂ ಒಂದು ಗೀಟು ಬಿತ್ತು. ಎಲ್ಲರೂ ಸಂತೋಷವಾಗಿ ಉಸಲಿ ತಿಂದು ಹೋದರು. ಯಾಕೆ ಎಂದು ಒಬ್ಬರೂ ಕೇಳಲಿಲ್ಲ. ಅವರಿಗೆ ಗೊತ್ತಿದ್ದ ಜಾಗ ಅವರಿಗೆ ಸಿಕ್ಕಿತ್ತು. ಗೊತ್ತಿರುವ ಜಾಗದಲ್ಲಿ ಕೇಳುವುದಕ್ಕೇನಿದೆ?

ಆರನೆಯ ದಿನ ಕತ್ತರಿ ಹಿಡಿದು ಕೂತೆ. ಅಮ್ಮ ಅಡುಗೆಮನೆಯಿಂದ ಓಡಿ ಬಂದರು.

“ಅಯ್ಯೋ, ಮುಟ್ಟಬೇಡ! ದೇವಿ ಮುಂದೆ ಬಿತ್ತಿರೋದು. ಹಬ್ಬ ಮುಗಿಯೋ ತನಕ ಕತ್ತರಿ ಸೋಕಿಸ್ಬಾರ್ದು.”

“ಅಮ್ಮ, ತುಂಡ್ರಾದಲ್ಲಿ ಇಷ್ಟೆತ್ತರ ಏನೂ ಬೆಳೆಯಲ್ಲ!”

“ಇಲ್ಲಿ ಬೆಳೆದಿದ್ಯಲ್ಲ, ಬಿಡು. ಬೆಳೆದ್ರೆ ಮನೆಗೆ ಒಳ್ಳೇದು.”

ಹಬ್ಬ ಮುಗಿಯಿತು. ಡೈರಿಯ ಗೀಟುಗಳ ಲೆಕ್ಕದಲ್ಲಿ ಮುಂದಿನ ವರ್ಷಕ್ಕೆ ಬಯಾಲಜಿಯೇ. ಮರುದಿನ ಬೆಳಿಗ್ಗೆ ಬೊಂಬೆಗಳನ್ನು ಪೆಟ್ಟಿಗೆಗೆ ಸೇರಿಸಿ, ತೈಮೀರನ್ನು ನಾನೊಂದು ಕಡೆ ಅಪ್ಪ ಒಂದು ಕಡೆ ಹಿಡಿದು ಲಿಫ್ಟಿನಲ್ಲಿ ಕೆಳಗಿಳಿಸಿದೆವು. ಬ್ಲಾಕಿನ ಕೆಳಗೆ ಮನೆಗಳಿಲ್ಲದೆ ತೆರೆದು ಬಿಟ್ಟ ನೆಲಮಹಡಿ, ಇಲ್ಲಿಯವರ ವಾಯ್ಡ್ ಡೆಕ್, ದಾಟಿದರೆ ಹೂಗಿಡಗಳ ಪಾತಿ, ಮಣ್ಣನ್ನು ಅಲ್ಲಿ ಸುರಿಯುವುದೆಂದು ಹೊರಟಿದ್ದೆವು. ಅಪ್ಪ ರಾಗಿಯ ಬುಡಕ್ಕೆ ಕೈಹಾಕಿ ಎತ್ತಿದರು. ಇಡೀ ಪರ್ಯಾಯದ್ವೀಪ ಚಾಪೆಯಂತೆ ಎದ್ದುಬಂತು. ಕೆಳಗೆ ಬೇರು ಬಲೆಯಂತೆ ಹೆಣೆದುಕೊಂಡಿತ್ತು.

“ನೋಡು, ಇಷ್ಟು ಬೇಗ ತಳ ಮುಟ್ಟಿದೆ!”

ನಾನು ಬೇರಿನ ಬಲೆಯನ್ನು ಮುಟ್ಟಿ ನೋಡಿದೆ. “ಅಲ್ಲಿ ಹೀಗೆ ಇಳಿಯಕ್ಕಾಗಲ್ಲ. ಬೇಸಿಗೇಲಿ ಎಷ್ಟೋ ವಾರ ಸೂರ್ಯ ಮುಳುಗೋದೇ ಇಲ್ಲ, ಆದ್ರೂ ಮೇಲಿನ ಒಂಚೂರು ಮಣ್ಣು ಮಾತ್ರ ಕರಗತ್ತೆ. ಅದರ ಕೆಳಗೆ ವರ್ಷವಿಡೀ ಐಸ್ ಥರ ಗಟ್ಟಿ. ಅದಕ್ಕೇ ಮರ ಇಲ್ಲ.”

“ವರ್ಷವಿಡೀನಾ?” ಅಪ್ಪ ಚಾಪೆಯನ್ನು ಕೆಳಗಿಟ್ಟರು. “ತಡಿ, ತಡಿ. ಹಾಗಾದ್ರೆ ಅಲ್ಲಿ ಮನೆ ಯಾಕೆ ಕುಸಿಯಲ್ಲ? ಒಳಗೆ ಹೀಟರ್ ಹಾಕ್ತಾರಲ್ಲ, ಕೆಳಗಿನ ಐಸ್ ಕರಗಿ ಪಾಯಾನೇ ಕೂತ್ಕೊಳಲ್ವಾ?”

ಡೈರಿಯಲ್ಲಿ ಬರೆದದ್ದನ್ನೆಲ್ಲ ನೆನಪು ಮಾಡಿಕೊಳ್ಳುತ್ತ ಹಿಂತಿರುಗಿ ನೋಡಿದೆ. ನಮ್ಮ ಬ್ಲಾಕ್ ಕಂಬಗಳ ಮೇಲೆ ನಿಂತಿತ್ತು, ಗೋಡೆಯಿಲ್ಲದ ವಾಯ್ಡ್ ಡೆಕ್ಕಿನಲ್ಲಿ ಗಾಳಿ ಈ ಕಡೆಯಿಂದ ಆ ಕಡೆಗೆ ಹೋಗುತ್ತಿತ್ತು.

“ಹೀಗೆ ಕೆಳಗೆ ಖಾಲಿ ಬಿಟ್ರೆ? ಕಂಬದ ಮೇಲೆ ಮನೆ. ಕೆಳಗೆ ಚಳಿಗಾಳಿ ಆಡ್ತಿದ್ರೆ ಮನೆ ಶಾಖ ನೆಲಕ್ಕೆ ತಟ್ಟಲ್ಲ.”

ಅಪ್ಪ ಕುಕ್ಕರಗಾಲಲ್ಲಿ ಕೂತು ಪಾತಿಯ ಮಣ್ಣಿನಲ್ಲಿ ಬೆರಳಿಂದ ಗೆರೆ ಎಳೆದರು. “ಕಂಬಾನ ಆ ಗಟ್ಟಿ ಮಣ್ಣೊಳಗೇ ಇಳಿಸಿದ್ರೆ ಅದೇ ಕಚ್ಕೊಂಡು ಹಿಡಿಯತ್ತೆ. ಕರಗದ ಹಾಗೆ ನೋಡ್ಕೊಂಡ್ರೆ ಸಾಕು. ಭಲೇ!”

“ಅಪ್ಪ, ನೀವು ಯಾಕೆ ಅಂತ ಕೇಳಿದ್ರಿ.”

“ನಾನು ಕೇಳಿದ್ರೆ ಲೆಕ್ಕಕ್ಕಿಲ್ಲ. ಬಂದೋರು ಅಂದಿದ್ದೆ.”

“ದಿನಾ ಆಫೀಸಿಂದ ನೀವು ಬರ್ತಿರಲಿಲ್ವಾ?”

ಅವರು ಗಟ್ಟಿಯಾಗಿ ನಕ್ಕುಬಿಟ್ಟರು. “ಇವಳಿಗೆ ಜಾಗ್ರಫಿ ಯಾಕೆ, ಸೀದಾ ಲಾಯರ್ ಆಗ್ಲಿ” ಎಂದು ಪಾತಿಯ ಗಿಡಗಳಿಗೆ ಹೇಳಿದರು. ಕೈಯ ಮಣ್ಣು ಕೊಡವಿಕೊಂಡು ಎದ್ದು, “ಸರಿ, ತಗೋ ನಿನ್ನ ಜಾಗ್ರಫಿ” ಎಂದರು.

ಲಿಫ್ಟಿನಲ್ಲಿ ಮೇಲೆ ಹೋಗುವಾಗ ನಾಲ್ಕನೆಯ ಮಹಡಿ ದಾಟಿದ ಮೇಲೆ ಮತ್ತೆ ಕೇಳಿದರು: “ನೀರಿನ ಪೈಪ್ ಎಲ್ಲಿ ಹಾಯಿಸ್ತಾರೆ? ನೆಲದಲ್ಲಿ ಹೂತ್ರೆ ಹೆಪ್ಪುಗಟ್ಟಲ್ವಾ?”

ಗೊತ್ತಿಲ್ಲ ಎಂದೆ. ಆ ಶನಿವಾರ ಇಬ್ಬರೂ ಲೈಬ್ರರಿಗೆ ಹೋದೆವು.