ಯೋಮ್ ದಕ್ಸು ವಾಪಸು ಪಡೆದ ಮೊಹರು

ಯೋಮ್ ದಕ್ಸು ತೀರಿಕೊಂಡು ಇವತ್ತಿಗೆ ನಲವತ್ತೊಂಬತ್ತು ದಿನ. ಬೆಳಿಗ್ಗೆ ವಿಹಾರದಲ್ಲಿ ಕೊನೆಯ ಪೂಜೆ ಆಯಿತು. ಜೇಚನ್ ಮೂಲಿಕೆ ಪೇಟೆಯ ಅಂಗಡಿಯವರು ಅರ್ಧ ದಿನ ಬಾಗಿಲು ಹಾಕಿ ಬಂದಿದ್ದರು. ಊಟಕ್ಕೆ ಕೂತಾಗ ಒಬ್ಬೊಬ್ಬರು ಒಂದೊಂದು ಹೇಳಿದರು. ಕಣ್ಣು ಕಟ್ಟಿ ಬಿಟ್ಟರೂ ಬೇರು ಮೂಸಿ ಯಾವ ಬೆಟ್ಟದ್ದೆಂದು ಹೇಳುತ್ತಿದ್ದನಂತೆ, ಒಮ್ಮೆಯೂ ತಪ್ಪಿದವನಲ್ಲವಂತೆ. ಸತ್ತವರ ಬಗ್ಗೆ ಜನ ಹಾಗೆ ಹೇಳುತ್ತಾರೆ. ಆದರೆ ದಕ್ಸು ತಪ್ಪಿದ್ದ. ಇಪ್ಪತ್ತೆರಡು ವರ್ಷ ಒಂದೇ ತಪ್ಪನ್ನು ಮಾಡಿದ್ದ. ಅದನ್ನು ಬಿಟ್ಟು ಅವನ ಕತೆ ಹೇಳಿದರೆ ಅವನೇ ಒಪ್ಪುತ್ತಿರಲಿಲ್ಲ.

ಅವನು ಹುಟ್ಟಿದ್ದು ದಕ್ಷಿಣದ ನಾಮ್ಹೆ ದ್ವೀಪದಲ್ಲಿ. ಹತ್ತೊಂಬತ್ತನೆಯ ವಯಸ್ಸಿಗೆ ಜೇಚನ್‌ಗೆ ಬಂದು ಮೂಲಿಕೆ ಗೋದಾಮೊಂದರಲ್ಲಿ ಹೊರೆ ಹೊರುವ ಕೆಲಸಕ್ಕೆ ಸೇರಿದ. ಅಲ್ಲಿನ ಮುದುಕ ಪರೀಕ್ಷಕ ಇವನ ಮೂಗು ಚುರುಕಾಗಿದೆಯೆಂದು ಕಂಡು ಪಕ್ಕದಲ್ಲಿ ಕೂರಿಸಿಕೊಂಡ. ಮುದುಕ ತೀರಿಕೊಂಡ ಮೇಲೆ ಆ ಮಣೆ ದಕ್ಸುವಿಗೆ ಬಂತು.

ಗೋದಾಮಿಗೆ ಬರುವ ಒಣ ಬೇರು, ತೊಗಟೆ, ಕಾಂಡಗಳಿಗೆ ಎಲೆಯೂ ಇರುವುದಿಲ್ಲ, ಹೂವೂ ಇರುವುದಿಲ್ಲ. ದಕ್ಸು ಒಂದು ತುಂಡನ್ನು ನೀರಿನಲ್ಲಿ ನೆನೆಸುತ್ತಿದ್ದ. ಕಾಲಿನಿಂದ ತುಳಿಯುವ ದೊಡ್ಡ ಕತ್ತಿಯಲ್ಲಿ ತೆಳ್ಳಗೆ ಬಿಲ್ಲೆ ಮಾಡಿ ಕಿಟಕಿಯ ಬೆಳಕಿಗೆ ಹಿಡಿಯುತ್ತಿದ್ದ. ಮೂಸಿ, ಅಗಿದು, ತಗಡಿನ ಡಬ್ಬಿಗೆ ಉಗಿಯುತ್ತಿದ್ದ. ಆಮೇಲೆ ಚೀಟಿಯ ಮೇಲೆ ಮೂಲಿಕೆಯ ಹೆಸರು ಬರೆದು ತನ್ನ ಕೆಂಪು ಮೊಹರು ಒತ್ತುತ್ತಿದ್ದ. ಆ ಮೊಹರಿದ್ದ ಹೊರೆಯನ್ನು ಪೇಟೆಯಲ್ಲಿ ಯಾರೂ ಮತ್ತೆ ಬಿಚ್ಚಿ ನೋಡುತ್ತಿರಲಿಲ್ಲ. ಎದುರು ಸಾಲಿನ ಚಿಕಿತ್ಸಾಲಯದ ವೈದ್ಯ ಓಕ್ ಕೂಡ ನೋಡುತ್ತಿರಲಿಲ್ಲ. ಇಬ್ಬರೂ ಓರಗೆಯವರು, ಮಧ್ಯಾಹ್ನದ ಹೊತ್ತು ಚದುರಂಗದ ಮುಂದೆ ಜಗಳವಾಡುವ ಗೆಳೆಯರು.

ದಕ್ಸುವಿನ ಹೆಂಡತಿ ಮಾಲ್ಸುಕ್ ಜಂಗ್ಸನ್ ಬೆಟ್ಟದ ಕಡೆಯವಳು. ಅವಳ ಅಣ್ಣ ಪಾನ್‌ಹೊ ಬೆಟ್ಟ ಹತ್ತಿ ಮೂಲಿಕೆ ತರುವವನು. ಚಳಿಗಾಲದಲ್ಲಿ ಅವನು ತರುತ್ತಿದ್ದ ಮುಖ್ಯ ಸರಕು ಮೊಕ್ತೊಂಗ್, ಅಂದರೆ ಮೂತ್ರ ಕಟ್ಟಿದವರಿಗೂ ಮೈ ಊದಿದವರಿಗೂ ಕುದಿಸಿ ಕೊಡುವ ಒಂದು ಬಳ್ಳಿಯ ಕಾಂಡ. ಗ್ರಂಥಗಳ ಪ್ರಕಾರ ಅದು ಉರುಮ್ ಬಳ್ಳಿಯದ್ದಾಗಿರಬೇಕು. ಉರುಮ್ ದಕ್ಸುವಿಗೆ ಗೊತ್ತಿರದ್ದೇನಲ್ಲ. ನಾಮ್ಹೆಯಲ್ಲಿ ಪ್ರತಿ ಬೇಲಿಯ ಮೇಲೂ ಅದು ಹಬ್ಬಿರುತ್ತಿತ್ತು, ಒಡೆದ ಹಣ್ಣಿನ ಬಿಳಿ ತಿರುಳನ್ನು ಅವನು ಬೇಕಾದಷ್ಟು ತಿಂದಿದ್ದ. ಆದರೆ ಊರಿನ ಬಳ್ಳಿ ಹೆಬ್ಬೆರಳಿನಷ್ಟು ತೆಳ್ಳಗೆ, ಬೆಟ್ಟದಿಂದ ಬರುತ್ತಿದ್ದದ್ದು ಮಣಿಕಟ್ಟಿನಷ್ಟು ದಪ್ಪ, ಬಾಯಿಗಿಟ್ಟರೆ ಕಡುಕಹಿ. ಹೊಸದರಲ್ಲಿ ಅವನು ಈ ಮಾತೆತ್ತಿದಾಗ ಮುದುಕ ಗುರು ಹೇಳಿದ್ದು ಇಷ್ಟು: ‘ಚಳಿ ನೆಲ ದಪ್ಪ ಮಾಡುತ್ತೆ. ಬೆಟ್ಟ ಕಹಿ ಮಾಡುತ್ತೆ. ನೀನು ಮೊಹರು ಒತ್ತು.’

ಅವನು ಒತ್ತಿದ. ಬಳ್ಳಿ ಕಡಿಯುವುದು ಎಲೆಯೆಲ್ಲ ಉದುರಿದ ಚಳಿಯಲ್ಲಿ. ಕಡಿಯುವವನು ಅದರ ಹೆಸರನ್ನು ಪೇಟೆಯವರಿಂದ ಕಲಿತಿದ್ದ. ಹೆಸರು ಬರೆಯುವವನು ಬಳ್ಳಿಯ ಎಲೆಯನ್ನೇ ಕಂಡಿರಲಿಲ್ಲ.

ಪಾನ್‌ಹೊಗೆ ಅರವತ್ತು ತುಂಬಿದ ವರ್ಷ, ಮೇ ತಿಂಗಳಲ್ಲಿ, ಹುಟ್ಟುಹಬ್ಬಕ್ಕೆಂದು ದಕ್ಸು ಜಂಗ್ಸನ್‌ಗೆ ಹೋದ. ಹೂ ಬಿಡುವ ಕಾಲದಲ್ಲಿ ಗೋದಾಮು ಬಿಟ್ಟು ಬೆಟ್ಟಕ್ಕೆ ಹೋದದ್ದು ಅದೇ ಮೊದಲು. ಹಬ್ಬದ ಮರುದಿನ ಭಾವಮೈದುನರಿಬ್ಬರೂ ಸೊಪ್ಪು ಕೀಳಲು ಹೊರಟರು. ಕಣಿವೆಯ ಅಂಚಿನಲ್ಲಿ ಒಂದು ಬಳ್ಳಿ ಮರವನ್ನು ಸುತ್ತಿ ಮೇಲೆ ಹೋಗಿತ್ತು. ಬುಡದಲ್ಲಿ ಒಂದು ಕವಲನ್ನು ಕಡಿದ ಗುರುತು. ಎಲೆಗಳು ಅಂಗೈಗಿಂತ ದೊಡ್ಡವು, ಹೃದಯದ ಆಕಾರದವು. ನಡುನಡುವೆ ಬಾಗಿದ ಕೊಳವೆಯಂಥ ಹಳದಿ ಹಸಿರು ಹೂಗಳು ತೂಗುತ್ತಿದ್ದವು. ಉರುಮ್ ಎಲೆ ಐದು ಬೆರಳು ಬಿಚ್ಚಿದ ಕೈಯಂತಿರುತ್ತದೆ.

‘ಭಾವ, ಇದನ್ನ ಕಡಿದಿದ್ದು ಯಾರು?’

‘ನಾನೇ. ಇನ್ಯಾರು ಹತ್ತುತ್ತಾರೆ ಇಲ್ಲಿಗೆ? ಹೋದ ಚಳೀಲಿ ನಿನಗೇ ತಂದುಕೊಟ್ಟೆನಲ್ಲ, ಮೊಕ್ತೊಂಗ್.’

‘ಇದು ಮೊಕ್ತೊಂಗಾ?’

‘ಮೊಹರು ಒತ್ತಿದೋನು ನೀನು. ನನ್ನ ಕೇಳ್ತೀಯಲ್ಲಯ್ಯಾ!’

‘ನಿಮ್ಮೂರಲ್ಲಿ ಇದಕ್ಕೆ ಏನಂತಾರೆ?’

‘ನಮ್ಮಜ್ಜ ದುಂಗ್‌ಚಿಕ್ ಅಂತಿದ್ದ. ಪೇಟೇಲಿ ಮೊಕ್ತೊಂಗ್ ಅಂತ ತಗೊಂಡ್ರು. ಅವರು ಓದಿದೋರು, ನಮಗೇನು ಗೊತ್ತು ಅಂದ್ಕೊಂಡ್ವಿ.’

ದಕ್ಸು ಒಂದು ಹೂ, ಎರಡು ಎಲೆ, ಗೇಣುದ್ದದ ಕಾಂಡ ತೆಗೆದುಕೊಂಡು ಪತ್ರಿಕೆಯ ಹಾಳೆಯಲ್ಲಿ ಸುತ್ತಿದ. ಸೊಪ್ಪಿನ ಚೀಲ ಖಾಲಿಯಾಗಿಯೇ ಉಳಿಯಿತು. ‘ಹುಟ್ಟುಹಬ್ಬದ ಹೆಂಡ ಇನ್ನೂ ಇಳಿದಿಲ್ಲ ಇವನಿಗೆ’ ಎಂದು ಪಾನ್‌ಹೊ ಮನೆಯಲ್ಲಿ ನಗಾಡಿದ.

ಜೇಚನ್‌ಗೆ ಬಂದವನೇ ನಾಮ್ಹೆಯ ಅಕ್ಕನಿಗೆ ಫೋನು ಮಾಡಿ ಉರುಮ್ ಕಾಂಡ ತರಿಸಿಕೊಂಡ. ಎರಡನ್ನೂ ನೆನೆಸಿ, ಹೆಚ್ಚಿ, ಕಿಟಕಿಗೆ ಹಿಡಿದ. ಉರುಮ್ ಬಿಲ್ಲೆಯಲ್ಲಿ ನಡುವಿನಿಂದ ಅಂಚಿಗೆ ಚಕ್ರದ ಕಡ್ಡಿಗಳಂತೆ ಗೆರೆಗಳು, ನಾಲಗೆಗೆ ಇಷ್ಟೇ ಇಷ್ಟು ಕಹಿ. ಬೆಟ್ಟದ್ದರಲ್ಲಿ ತೂತುಗಳು ಉಂಗುರದ ಮೇಲೆ ಉಂಗುರವಾಗಿ ಕೂತಿದ್ದವು. ಕಹಿ ಮಧ್ಯಾಹ್ನದವರೆಗೂ ಬಾಯಿಯಿಂದ ಹೋಗಲಿಲ್ಲ. ಇಪ್ಪತ್ತೆರಡು ವರ್ಷ ನೋಡಿ ಹೆಸರು ಬರೆದ ಉಂಗುರಗಳೇ ಅವು.

ಬಿಲ್ಲೆಗಳನ್ನು ಅಂಗೈಯಲ್ಲಿಟ್ಟುಕೊಂಡು ಎದುರು ಸಾಲಿಗೆ ಹೋದ.

‘ಓಕ್, ನನ್ನ ಮೊಕ್ತೊಂಗ್ ಯಾರ್ಯಾರಿಗೆ ಕೊಟ್ಟಿದ್ದೀಯ?’

‘ಊದಿಕೊಂಡೋರಿಗೆ, ಮೂತ್ರ ಕಟ್ಟಿದೋರಿಗೆ, ಹಾಲು ಬರದ ಬಾಣಂತೀರಿಗೆ. ಯಾಕೆ, ಈಗ ಪಾಲು ಕೇಳೋಕೆ ಬಂದ್ಯಾ?’

ದಕ್ಸು ಹೂವಿನ ಹಾಳೆಯನ್ನು ಮೇಜಿನ ಮೇಲೆ ಬಿಚ್ಚಿದ. ಓಕ್ ನಗು ನಿಲ್ಲಿಸಿದ. ಬೇರೆ ದೇಶವೊಂದರಲ್ಲಿ ಈ ಕುಲದ ಗಿಡ ಸೇರಿದ ಔಷಧಿ ತಿಂದು ಹಲವರ ಮೂತ್ರಪಿಂಡ ಹಾಳಾದ ವಿಷಯವನ್ನು ಅವನು ಪತ್ರಿಕೆಯಲ್ಲಿ ಓದಿದ್ದ. ಇಲ್ಲಿ ಅದು ಇಲ್ಲವೆಂದುಕೊಂಡು ಪುಟ ತಿರುವಿದ್ದ. ಈಗ ಅದನ್ನೂ ಹೇಳಿದ. ದಕ್ಸು ಹಾಳೆಯನ್ನು ಮತ್ತೆ ಸುತ್ತುತ್ತ, ‘ಹಾಗಾದ್ರೆ ಎಲ್ಲಾ ವಾಪಸ್ ತಗೋಬೇಕು’ ಎಂದ.

ಸುದ್ದಿ ಬೆಟ್ಟಕ್ಕೆ ಮುಟ್ಟಿತು. ಮೂರನೆಯ ದಿನ ಪಾನ್‌ಹೊ ಗೋದಾಮಿನ ಬಾಗಿಲಲ್ಲಿ ನಿಂತಿದ್ದ.

‘ಈ ವರ್ಷದಿಂದ ತಗೋಬೇಡ, ಆಯ್ತು. ನಾನೂ ತರಲ್ಲ. ಆದ್ರೆ ಹಳೇದನ್ನ ಯಾಕೋ ಕೆದಕ್ತೀಯ?’

‘ಅಂಗಡೀಲಿ ಇನ್ನೂ ಇದೆ ಭಾವ. ಜನ ಕುಡೀತಾ ಇದ್ದಾರೆ.’

‘ಸದ್ದಿಲ್ದೆ ಎತ್ತಿಸು. ಹುಳ ಬಿದ್ದಿದೆ ಅನ್ನು. ಡಂಗುರ ಹೊಡೆದ್ರೆ ನಮ್ಮೂರಲ್ಲಿ ನನ್ನನ್ನ ವಿಷ ಮಾರಿದೋನು ಅಂತಾರೆ. ನನ್ನ ಕೈಯಿಂದ ಒಂದು ಕಟ್ಟು ಸೊಪ್ಪೂ ಯಾರೂ ತಗೊಳಲ್ಲ.’

‘ಹುಳ ಅಂದ್ರೆ ಬಿಸಿಲಿಗೆ ಹಾಕಿ ಮತ್ತೆ ಮಾರ್ತಾರೆ. ಕುಡಿದೋರು ಪರೀಕ್ಷೆ ಮಾಡಿಸ್ಕೊಳಲ್ಲ. ನೀವಲ್ಲ ಭಾವ, ತಪ್ಪು ನನ್ನದು ಅಂತಾನೇ ಹೇಳ್ತೀನಿ.’

‘ನೀನು ಹೇಳೋದು ನಿನ್ನ ಹೆಸರು. ಜನ ಕೇಳಿಸ್ಕೊಳೋದು ನನ್ನದು’ ಎಂದ ಪಾನ್‌ಹೊ. ತಂಗಿ ತಂದಿಟ್ಟ ಊಟದ ಮಣೆಯ ಕಡೆ ನೋಡದೆ ಬಸ್‌ ನಿಲ್ದಾಣಕ್ಕೆ ನಡೆದ. ಮಾಲ್ಸುಕ್ ಅಣ್ಣನ ಪಾಲಿನ ಅನ್ನವನ್ನು ಮತ್ತೆ ಪಾತ್ರೆಗೆ ಹಾಕಿದಳು.

ದಕ್ಸು ಅಂಗಡಿ ಅಂಗಡಿಗೆ ಹೋಗಿ ತನ್ನ ಚೀಟಿಗಳನ್ನು ತಾನೇ ಕಿತ್ತ. ಕೆಲವರು ಬೈದರು, ಕೆಲವರು ಹೊರೆಯನ್ನು ಒಳಗೆ ಬಚ್ಚಿಟ್ಟರು. ಬೇರಿನ ಅಂಗಡಿಯ ತಾಕ್ ಅಕ್ಕ ಸೊಂಟದ ಮೇಲೆ ಕೈಯಿಟ್ಟು ದಾರಿಗೆ ಅಡ್ಡ ನಿಂತಳು.

‘ಹೋದ ತಿಂಗಳ ದಕ್ಸು ಮೊಕ್ತೊಂಗ್ ಅಂದ. ಈ ತಿಂಗಳ ದಕ್ಸು ಅಲ್ಲ ಅಂತಾನೆ. ನಾನು ಯಾವ ದಕ್ಸುನ ನಂಬಲಿ?’

‘ಇಬ್ರನ್ನೂ ನಂಬಬೇಡಿ ಅಕ್ಕ. ಬಸ್ಸು ಮಾಡಿದ್ದೀನಿ. ಹೂ ಉದುರೋಕೆ ಮುಂಚೆ ಬಂದು ನಿಮ್ಮ ಕಣ್ಣಲ್ಲೇ ನೋಡಿ.’

ಒಂಬತ್ತು ಜನ ಬಂದರು. ಈ ಪೇಟೆಯವರು ಬಸ್ಸು ಹತ್ತಿದರೆ ಊರು ದಾಟುವುದರೊಳಗೆ ಹಾಡು ಶುರುವಾಗಿರುತ್ತದೆ. ಅಂದು ಯಾರೂ ಹಾಡಲಿಲ್ಲ. ಪಾನ್‌ಹೊ ಮನೆಯ ಗೇಟು ಹಾಕಿತ್ತು. ಬಳ್ಳಿಯ ಬುಡದಲ್ಲಿ ದಕ್ಸು ಒಬ್ಬೊಬ್ಬರ ಕೈಗೂ ಕತ್ತಿ ಕೊಟ್ಟು ತಾವೇ ಕತ್ತರಿಸುವಂತೆ, ತಾವೇ ಬಾಯಿಗಿಟ್ಟು ಉಗುಳುವಂತೆ ಮಾಡಿದ. ಪಕ್ಕದಲ್ಲಿ ಉರುಮ್ ಎಲೆ, ಉರುಮ್ ಕಾಂಡ ಇಟ್ಟ. ತಾಕ್ ಅಕ್ಕ ಮೂರು ಸಲ ಉಗಿದಳು.

‘ಥೂ! ಇದನ್ನ ಬಾಣಂತೀರಿಗೆ ಕೊಟ್ವಾ ನಾವು?’

ಆಮೇಲೆ ತಾನು ತಂದಿದ್ದ ಕಡಲಪಾಚಿ ಸುತ್ತಿದ ಅನ್ನದ ಸುರುಳಿಗಳನ್ನು ಎಲ್ಲರಿಗೂ ಹಂಚಿದಳು. ದಕ್ಸುವಿಗೂ ಒಂದು ಕೊಟ್ಟಳು. ಮರುದಿನ ಬಚ್ಚಿಟ್ಟ ಹೊರೆಗಳು ಒಂದೊಂದಾಗಿ ಗೋದಾಮಿನ ಅಂಗಳಕ್ಕೆ ಬಂದವು, ಅಲ್ಲಿಯೇ ಬೂದಿಯಾದವು.

ಓಕ್ ತನ್ನ ರೋಗಿಗಳ ಕಾರ್ಡುಗಳನ್ನೆಲ್ಲ ಹೊರಗೆ ತೆಗೆದ. ಹೆಚ್ಚಿನವರು ಹತ್ತು ದಿನ ಕುಡಿದು ಬಿಟ್ಟವರು. ತುಂಬ ಕಾಲ ಕುಡಿದವರಲ್ಲಿ ಒಬ್ಬ ಮುದುಕ ಈಗ ವಾರಕ್ಕೆ ಮೂರು ದಿನ ಡಯಾಲಿಸಿಸ್ ಮಾಡಿಸಿಕೊಳ್ಳುತ್ತಿದ್ದ. ಗೆಳೆಯರಿಬ್ಬರೂ ಅವನ ಮನೆಗೆ ಹೋಗಿ ನೆಲಕ್ಕೆ ಬಾಗಿ ಇದ್ದದ್ದನ್ನು ಹೇಳಿದರು. ಮುದುಕ ಕೇಳಿ, ‘ಸಕ್ಕರೆ ಕಾಯಿಲೆ ಮೂವತ್ತು ವರ್ಷದ್ದು ನಂದು. ನಿಮ್ಮ ಬಳ್ಳೀನೋ ನನ್ನ ಹೆಂಡಾನೋ, ಯಾರಿಗೆ ಗೊತ್ತು? ಕೂತ್ಕೊಳ್ಳಿ’ ಎಂದು ಒಣ ಹಣ್ಣಿನ ತಟ್ಟೆ ಮುಂದಿಟ್ಟ. ಓಕ್ ತಿಂದ. ದಕ್ಸುವಿಗೆ ತಿನ್ನಲಾಗಲಿಲ್ಲ. ಬಳ್ಳಿಯೋ ಅಲ್ಲವೋ ಕೊನೆಗೂ ಯಾರಿಗೂ ತಿಳಿಯಲಿಲ್ಲ. ಮುದುಕ ಬದುಕಿದ್ದಷ್ಟು ದಿನ ದಕ್ಸು ತಿಂಗಳಿಗೊಮ್ಮೆ ಹೋಗಿ ಬರುತ್ತಿದ್ದ. ಹೋದಾಗ ಏನು ಮಾತಾಡುತ್ತಾರೆಂದು ಕೇಳಿದರೆ, ‘ಮೀನು ಹಿಡಿಯೋದರ ಬಗ್ಗೆ’ ಎನ್ನುತ್ತಿದ್ದ.

ಅಲ್ಲಿಂದ ಮುಂದೆ ಕಾಡಿನ ಬಳ್ಳಿಗಳಿಗೆ ಅವನದೊಂದು ಹೊಸ ಕಟ್ಟಳೆ. ಹೂ ಬಿಟ್ಟಾಗ ಬಳ್ಳಿಯ ಬುಡಕ್ಕೆ ಕೆಂಪು ದಾರ ಕಟ್ಟಬೇಕು, ಒಂದು ಎಲೆ ಒಂದು ಹೂ ಒತ್ತಿ ತಂದು ಕೊಡಬೇಕು. ಚಳಿಗಾಲದಲ್ಲಿ ದಾರವಿದ್ದ ಬಳ್ಳಿಯನ್ನೇ, ದಾರದ ಸಮೇತ ಕಡಿದು ತರಬೇಕು. ಇಲ್ಲದಿದ್ದರೆ ಮೊಹರಿಲ್ಲ. ಬೆಟ್ಟದವರು ಗೇಲಿ ಮಾಡಿದರು: ‘ಶಾಲೆಗೆ ಸೇರಿಸೋ ಮಗೂ ಎದೆಗೆ ಹೆಸರು ಚೀಟಿ ಸಿಕ್ಕಿಸಿದ ಹಾಗೆ! ಬಳ್ಳಿಗೆ ಮೂಗು ಒರೆಸೋ ಕರ್ಚೀಫೂ ಕಟ್ಟಬೇಕಾ ದಕ್ಸು ಅವರೇ?’ ಗೇಲಿ ಮಾಡಿದವರೇ ದಾರ ಕಟ್ಟಿದರು. ಪರೀಕ್ಷೆ ದಾಟದ ಹೊರೆಯನ್ನು ಬೆಟ್ಟದಿಂದ ಇಳಿಸಿ ಮತ್ತೆ ಏರಿಸುವುದು ಯಾರಿಗೂ ಬೇಕಿರಲಿಲ್ಲ.

ಪಾನ್‌ಹೊ ಮಾತ್ರ ಬರಲಿಲ್ಲ. ಅವನು ಹೆದರಿದ್ದಂತೆಯೇ ಊರಿನವರು ಆಡಿಕೊಂಡರು. ಅವನು ಬೆಟ್ಟ ಬಿಟ್ಟು ಆಲೂಗಡ್ಡೆ ಹೊಲದಲ್ಲಿ ದುಡಿದ. ನಾಲ್ಕು ವರ್ಷ ಶರತ್ಕಾಲದ ಸುಗ್ಗಿ ಹಬ್ಬಕ್ಕೆ ಮಾಲ್ಸುಕ್ ಒಬ್ಬಳೇ ತವರಿಗೆ ಹೋಗಿ, ಹಿರಿಯರ ಸಮಾಧಿಯ ಹುಲ್ಲು ಕಿತ್ತು, ಒಬ್ಬಳೇ ಬಂದಳು. ದಕ್ಸು ಪ್ರತಿ ಸಲವೂ ಅವಳ ಕೈಯಲ್ಲಿ ಒಣಮೀನು ಕಳಿಸುತ್ತಿದ್ದ. ಕಟ್ಟು ಬಿಚ್ಚದೆ ವಾಪಸು ಬರುತ್ತಿತ್ತು. ಮಾಡಿದ್ದು ಸರಿಯೇ ಎಂದು ಓಕ್ ಒಮ್ಮೆ ಸಮಾಧಾನ ಹೇಳಹೋದ. ‘ಸರಿ ಅಂತ ನನಗೂ ಗೊತ್ತು. ಅವಳು ಒಬ್ಬಳೇ ಬಸ್ ಹತ್ತುತ್ತಾಳಲ್ಲ, ಅದು ಸರಿ ಆಗುತ್ತಾ?’ ಎಂದ ದಕ್ಸು.

ಐದನೆಯ ವರ್ಷ ಹಬ್ಬಕ್ಕೆ ಮೂರು ದಿನ ಮುಂಚೆ ಗೋದಾಮಿಗೆ ಬಸ್ಸಿನಲ್ಲಿ ಒಂದು ಪೆಟ್ಟಿಗೆ ಬಂತು. ಒಳಗೆ ಹಸಿ ಮಣ್ಣು ಮೆತ್ತಿದ ತೊದೊಕ್ ಗೆಡ್ಡೆಗಳು, ಖಾರ ಸವರಿ ಕೆಂಡದ ಮೇಲೆ ಸುಟ್ಟು ತಿನ್ನುವಂಥವು. ಎಲ್ಲರೂ ಬಳ್ಳಿ ಕತ್ತರಿಸಿ ಬರೀ ಗೆಡ್ಡೆ ಕಳಿಸುತ್ತಾರೆ. ಇವಕ್ಕೆ ಒಂದೊಂದಕ್ಕೂ ಬಳ್ಳಿ ಇತ್ತು, ಎಲೆ ಇತ್ತು, ಗಂಟೆಯಂಥ ಹೂವೂ ಇತ್ತು, ಬುಡಕ್ಕೆ ಕೆಂಪು ದಾರ ಇತ್ತು. ಮೇಲೆ ಪಾನ್‌ಹೊನ ಕೈಬರಹದ ಚೀಟಿ: ‘ಎಲ್ಲಾ ಇದೆ. ಇನ್ನೂ ಅನುಮಾನ ಇದ್ರೆ ಬಂದು ಬೆಟ್ಟಾನೇ ಮೂಸಿ ನೋಡು.’

ದಕ್ಸು ಚೀಟಿಯನ್ನು ಎರಡು ಸಲ ಓದಿದ. ಹೆಂಡತಿಯನ್ನು ಕೂಗಿ ಕರೆದು ಫೋನು ತಿರುಗಿಸಿದ.

‘ಭಾವ, ಪೆಟ್ಟಿಗೆ ಬಂತು. ಒಂದು ಗೆಡ್ಡೆ ಮೇಲೆ ಮಾತ್ರ ಅನುಮಾನ.’

‘ಯಾವುದೋ ಅದು? ಒಂದೊಂದೂ ನಾನೇ ಅಗೆದಿದ್ದು!’ ಫೋನಿನಿಂದ ದನಿ ಹೊರಗೆ ಮಾಲ್ಸುಕ್‌ವರೆಗೂ ಕೇಳಿಸಿತು.

‘ನೀವೇ ಬಂದು ನೋಡಬೇಕು. ನಾಳೆ ಊಟದ ಹೊತ್ತಿಗೆ.’

‘ಬರ್ತೀನಿ’ ಎಂದ ಪಾನ್‌ಹೊ. ‘ನಾನು ಬರೋವರೆಗೂ ಒಂದನ್ನೂ ಹೆಚ್ಚಬೇಡ.’