ಫ್ರೆಂಚ್ ವಕೀಲನ ಹತ್ತಿರ ಸಾಧನೆ ಇತ್ತೇ?

ಪುಸ್ತಕ ಅಚ್ಚು ಹಾಕುವವರು ಈಗೀಗ ಅಂಚು ಬಿಡುವುದರಲ್ಲಿ ಬಹಳ ಜಿಪುಣರಾಗಿದ್ದಾರೆ. ಅಂಚಿನಲ್ಲಿ ಬರೆದಿಡಬೇಕಾದಂಥ ವಿಚಾರ ಈವರೆಗೆ ಹೊಳೆಯದ ನನ್ನಂಥ ಅಲ್ಪಜ್ಞನಿಗೆ ಅದರಿಂದ ನಷ್ಟವೇನಿಲ್ಲ. ಆದರೆ ಕೆಲವು ಶತಮಾನಗಳ ಹಿಂದೆ, ಬಿಡುವಿನಲ್ಲಿ ಗಣಿತ ಮಾಡುತ್ತಿದ್ದ ಫ್ರೆಂಚ್ ವಕೀಲನೊಬ್ಬ ಪುಸ್ತಕದ ಅಂಚಿನಲ್ಲಿ ಗೀಚಿಟ್ಟ ಮಾತು ನಮ್ಮ ಸುರಪುರದವರೆಗೂ ಬಂದು, ಎಷ್ಟೋ ಸಂಜೆಗಳ ಚಹಾ ಆರಿಹೋಗಲು ಕಾರಣವಾಗಿದೆ. ಆ ಮಾತು ಇಷ್ಟೇ: ಎರಡು ವರ್ಗಸಂಖ್ಯೆಗಳು ಕೂಡಿ ಇನ್ನೊಂದು ವರ್ಗಸಂಖ್ಯೆಯಾಗಬಹುದು, ಘನಗಳಲ್ಲಾಗಲಿ ಅದರಾಚೆಯ ಘಾತಗಳಲ್ಲಾಗಲಿ ಹಾಗಾಗದು. ಇದನ್ನು ರುಜುವಾತುಪಡಿಸುವ ಸೊಗಸಾದ ಸಾಧನೆ ತನ್ನಲ್ಲಿದೆ, ಬರೆಯಲು ಜಾಗ ಸಾಲದು ಎಂದ ಆತ, ಅದನ್ನು ಎಲ್ಲಿಯೂ ಬರೆಯದೆ ತೀರಿಹೋದ. ಜಗತ್ತು ಅದನ್ನು ಸಾಧಿಸಲು ಮುನ್ನೂರು ವರ್ಷಕ್ಕೂ ಮಿಕ್ಕಿ ಹೆಣಗಿತು.

ಆತನ ಬಳಿ ನಿಜಕ್ಕೂ ಸಾಧನೆ ಇತ್ತೇ? ಶಹಾಪುರದ ಶಾಲೆಯಲ್ಲಿ ಗಣಿತ ಕಲಿಸಿ ನಿವೃತ್ತರಾದ ಗೆಳೆಯ ಮಲ್ಲಣ್ಣ ಮಾಸ್ತರರದು ಇತ್ತೆಂಬ ಪಕ್ಷ. ಅದೇ ಶಾಲೆಯಲ್ಲಿ ಇತಿಹಾಸ ಕಲಿಸಿದ ನನ್ನದು ಇರಲಿಲ್ಲವೆಂಬ ಪಕ್ಷ. ಹೀಗೆ ಪುರಾವೆ ಕೇಳಬೇಕಾದ ಗಣಿತದವರು ವಿಶ್ವಾಸಕ್ಕೆ ಜೋತುಬಿದ್ದರೆ, ಘನಮೂಲವೆಂದರೆ ಇಂದಿಗೂ ಬೆವರುವ ನಾನು ಪುರಾವೆಗೆ ಪಟ್ಟುಹಿಡಿದಿದ್ದೆ.

"ಕಾಗದ ತೋರಸ್ರಿ, ಒಪ್ಪತೇನಿ," ಎನ್ನುತ್ತಿದ್ದೆ.

"ಮನುಷ್ಯಾನ ಮಾತಿಗಿ ಕಿಮ್ಮತ್ತೇ ಇಲ್ಲೇನ್ರಿ?" ಎಂದು ಅವರು ಗುರುಗುಟ್ಟುತ್ತಿದ್ದರು. ವರ್ಷಗಟ್ಟಲೆ ಇಬ್ಬರೂ ಒಂದು ಕೂದಲೆಳೆಯಷ್ಟೂ ಜಗ್ಗಲಿಲ್ಲ.

ಈಚೆಗೆ ಮಾಸ್ತರರು ಹಾಸಿಗೆ ಹಿಡಿದರು. ಹೊಟ್ಟೆಯಲ್ಲಿರುವುದು ಕ್ಯಾನ್ಸರ್, ಕೈಮೀರಿದೆ ಎಂದು ಕಲಬುರಗಿಯ ವೈದ್ಯರು ಮನೆಯವರಿಗಷ್ಟೇ ಹೇಳಿದ್ದರು. ನೋಡಲು ಹೋದಾಗ ಅವರ ಹೆಂಡತಿ ನನ್ನನ್ನು ಬಾಗಿಲಲ್ಲೇ ತಡೆದರು. "ಅಣ್ಣಾರ, ಹೊಟ್ಟ್ಯಾಗ ಹುಣ್ಣು ಆಗ್ಯಾವಂತ ಹೇಳೇವ್ರಿ. ನಿಮ್ಮ ಬಾಯಿಂದ ಏನೂ ಹೊರಗ ಬರಬಾರ್ದು." ನಾನು ತಲೆಯಾಡಿಸಿದೆ. ಅಷ್ಟು ನಟನೆ ನನಗೆ ಬರುತ್ತದೆಂದು ಹೇಗೆ ನಂಬಿದೆನೋ ತಿಳಿಯದು.

ಒಳಗೆ ಮಾಸ್ತರರು ಗೋಡೆಗೊರಗಿ ಕೂತಿದ್ದರು. ಬೋರ್ಡಿನ ತುದಿಯಿಂದ ತುದಿಗೆ ಗೆರೆ ಎಳೆಯುತ್ತಿದ್ದ ಆ ತೋಳು ಸೊರಗಿದ್ದನ್ನು ಕಂಡು ನನಗೆ ಅಳುವೇ ಬಂತು. ಬಿಸಿಲು, ಮೋಸಂಬಿ, ಪಿಂಚಣಿ ಎಲ್ಲ ಮಾತಾಡಿ ಮುಗಿದ ಮೇಲೆ ಅವರು ಎಂದಿನಂತೆ ಕೆಣಕಿದರು: "ಏನ್ರಿ, ನಮ್ಮ ವಕೀಲ ಇನ್ನೂ ಸುಳ್ಳೇ ಹೇಳಾಕತ್ತಾನೇನು?"

ಅವರಿಗೆ ಕೊಡಲು ನನ್ನ ಬಳಿ ಬೇರೇನಿತ್ತು? ಈ ಒಂದು ಗೆಲುವಾದರೂ ಇರಲಿ ಎಂದುಕೊಂಡು, "ಇಲ್ಲ ಮಾಸ್ತರ್ರ, ಭಾಳ ವಿಚಾರ ಮಾಡಿ ನೋಡಿದೆ. ಅವನ ಹತ್ರ ಸಾಧನೆ ಇದ್ದಿರಬೇಕು ಬಿಡ್ರಿ," ಎಂದೆ.

ಅವರು ಹಿಗ್ಗಲಿಲ್ಲ. ನನ್ನತ್ತ ಬಾಗಿ, ಒಳಗಿನವರಿಗೆ ಕೇಳಿಸದಂತೆ ದನಿ ತಗ್ಗಿಸಿ ಕೇಳಿದರು:

"ಡಾಕ್ಟರು ಎಷ್ಟು ದಿನ ಅಂದಾರ?"